ಸಂಚಾರ್ ಸಾಥಿ: ವೆಬ್‌ಸೈಟ್ ಬಳಸಿ ಅಂತೀನಿ, ಆ್ಯಪ್ ಹಾಕಿಕೊಡಲ್ಲ

ದಾವಣಗೆರೆಯಲ್ಲಿ ಝೆರಾಕ್ಸ್, ಆನ್‌ಲೈನ್ ಅರ್ಜಿಯ ಅಂಗಡಿ ನಡೆಸುತ್ತೇನೆ. ನಮ್ಮ ಹೆಸರಿನ ಸಿಮ್‌ಗಳನ್ನು ನೋಡಲು, ಕಳೆದ ಫೋನ್ ಬ್ಲಾಕ್ ಮಾಡಲು ಕೇಂದ್ರ ದೂರಸಂಪರ್ಕ ಇಲಾಖೆ 2023ರ ಮೇ ತಿಂಗಳಲ್ಲಿ ಸಂಚಾರ್ ಸಾಥಿ ಪೋರ್ಟಲ್ ಶುರು ಮಾಡಿತು. ಆ ವರ್ಷದಿಂದಲೇ ಅದನ್ನು ನನಗಾಗಿಯೂ ಗಿರಾಕಿಗಳಿಗಾಗಿಯೂ ಬಳಸುತ್ತಾ ಬಂದಿದ್ದೇನೆ. ವೆಬ್‌ಸೈಟಿಗೆ ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. 2025ರ ಜನವರಿಯಲ್ಲಿ ಬಂದ ಆ್ಯಪಿಗೆ ಒಂದೇ.

ವೆಬ್‌ಸೈಟಿನಲ್ಲಿ ಎಲ್ಲರೂ ಮೊದಲು ನೋಡಬೇಕಾದ್ದು ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂಬ ವಿಭಾಗ. ಮೊಬೈಲ್ ನಂಬರ್ ಹಾಕಿ, ಒಟಿಪಿ ಕೊಟ್ಟರೆ ಪಟ್ಟಿ ಬರುತ್ತದೆ. ನಂಬರಿನ ನಡುವಿನ ಅಂಕಿಗಳು ಮುಚ್ಚಿರುತ್ತವೆ, ಆದರೂ ನಮ್ಮದು ಯಾವುದು ಅಂತ ಗೊತ್ತಾಗುತ್ತದೆ. ಕರ್ನಾಟಕದಲ್ಲಿ ಒಬ್ಬರ ಹೆಸರಿಗೆ 9 ಸಿಮ್ ಮಿತಿ. ಜಗಳೂರು ಕಡೆಯ ನಮ್ಮ ಚಿಕ್ಕಪ್ಪನ ಹತ್ತಿರ ಇರುವುದು ಒಂದು ಕೀಪ್ಯಾಡ್ ಫೋನು, ಒಂದೇ ಸಿಮ್. ಪಟ್ಟಿಯಲ್ಲಿ ಇನ್ನೊಂದು ನಂಬರ್ ಇತ್ತು. ಬಹಳ ಯೋಚಿಸಿ ಅವರು ನೆನಪು ಮಾಡಿಕೊಂಡರು: ಸಂತೆಯಲ್ಲಿ ಛತ್ರಿ ಹಾಕಿಕೊಂಡು ಸಿಮ್ ಮಾರುತ್ತಿದ್ದ ಹುಡುಗ, "ಬೆರಳು ಸರಿಯಾಗಿ ಕೂತಿಲ್ಲ ಯಜಮಾನ್ರೇ, ಇನ್ನೊಂದ್ಸಲ ಒತ್ರಿ" ಅಂದಿದ್ದನಂತೆ. ಎರಡನೇ ಸಲ ಒತ್ತಿಸಿಕೊಂಡ ಬೆರಳಿಗೆ ಎರಡನೇ ಸಿಮ್ ಎದ್ದಿರಬೇಕು ಅಂತಲೇ ನನ್ನ ಅನುಮಾನ.

'ಇದು ನನ್ನ ನಂಬರ್ ಅಲ್ಲ' ಎಂದು ಗುರುತು ಹಾಕಿದೆವು. ಕೆಲವು ವಾರಗಳಲ್ಲಿ ಅದು ಪಟ್ಟಿಯಿಂದ ಹೋಯಿತು. ಅಷ್ಟರ ಮಟ್ಟಿಗೆ ಪೋರ್ಟಲ್ ಮಾಡಿದ್ದು ದೊಡ್ಡ ಉಪಕಾರ. ಆದರೆ ಆ ಸಿಮ್ ಮಾರಿದ ಕಂಪನಿ, ದೇಶದ ದೊಡ್ಡ ಕಂಪನಿಗಳಲ್ಲೊಂದು, ಅದನ್ನು ಯಾರು ಬಳಸಿದರು, ಏನಕ್ಕೆ ಬಳಸಿದರು ಎಂದು ಒಂದು ಮಾತೂ ತಿಳಿಸಲಿಲ್ಲ. "ಆ ನಂಬರಿಂದ ಯಾರಿಗಾದ್ರೂ ಮೋಸ ಆಗಿದ್ರೆ ಪೊಲೀಸ್ರು ಹುಡುಕ್ಕೊಂಡ್ ಬರೋದು ನಮ್ಮನಿಗೇ ಅಲ್ಲೇನಪ್ಪಾ?" ಅಂತ ಚಿಕ್ಕಪ್ಪ ಕೇಳಿದರು. ನ್ಯಾಯವಾದ ಭಯ. ವರ್ಷಗಟ್ಟಲೆ ತಪ್ಪದೆ ರೀಚಾರ್ಜ್ ಮಾಡಿಸಿದ ಗಿರಾಕಿಗೆ ಅಷ್ಟೂ ಉತ್ತರ ಕೊಡದ ಕಂಪನಿಯನ್ನು ನಂಬಿ ಅಂತ ನಾನು ಹೇಗೆ ಹೇಳಲಿ?

ಕಳೆದ ಫೋನ್ ಬ್ಲಾಕ್ ಮಾಡುವ ಸಿಇಐಆರ್ ವಿಭಾಗವೂ ಚೆನ್ನಾಗಿದೆ. ಫೋನಿನ ಗುರುತಾದ 15 ಅಂಕಿಯ ಐಎಂಇಐ ನಂಬರ್, ಗುರುತಿನ ಚೀಟಿ, ಪೊಲೀಸ್ ದೂರಿನ ಪ್ರತಿ ಬೇಕು. ಒಟಿಪಿ ಬರಲು ಅದೇ ನಂಬರಿನ ಸಿಮ್ ಮೊದಲು ಮರಳಿ ಪಡೆದಿರಬೇಕು. ಆ ಫೋನಿಗೆ ಯಾರಾದರೂ ಬೇರೆ ಸಿಮ್ ಹಾಕಿದರೆ ಪೊಲೀಸರಿಗೆ ಮಾಹಿತಿ ಹೋಗುತ್ತದೆ. ಹೀಗೆ ಸಿಕ್ಕ ಫೋನ್‌ಗಳನ್ನು ಪೊಲೀಸರು ವಾರಸುದಾರರಿಗೆ ಕೊಡುವ ಫೋಟೊ ಪತ್ರಿಕೆಯಲ್ಲಿ ನೀವೂ ನೋಡಿರುತ್ತೀರಿ. ತೊಡಕಿರುವುದು ದೂರಿನ ಪ್ರತಿಯಲ್ಲಿ. "ಸ್ಟೇಷನ್ನಿಗೆ ಹೋಗ್ಬೇಕಾ? ಬ್ಯಾಡ ಬಿಡಣ್ಣ, ಹೋದ ಮೊಬೈಲ್ ಹೋತು" ಎಂದು ಅಂಗಡಿಯಿಂದಲೇ ವಾಪಸ್ ಹೋದವರಿದ್ದಾರೆ, ಹೆಚ್ಚಾಗಿ ಹೆಣ್ಣುಮಕ್ಕಳು ಮತ್ತು ಕೂಲಿಯವರು. ಕಳೆದುಕೊಂಡವರೇ ಠಾಣೆಗೆ ಹೋಗಲು ಹೆದರುತ್ತಾರೆ ಅಂದರೆ ಅದನ್ನು ಸಾಫ್ಟ್‌ವೇರ್ ಸರಿಮಾಡಲಾರದು.

ಮೋಸದ ಕರೆಗಳ ದೂರಿಗೆ 'ಚಕ್ಷು' ಇದೆ. ಆದರೆ ಹಣ ಹೋಗಿದ್ದರೆ ಅಲ್ಲಿ ಕೂರಬೇಡಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇನ್ನು ಆ್ಯಪ್. ಆಂಡ್ರಾಯ್ಡ್‌ನಲ್ಲಿ ಇದು ಕರೆ ಮತ್ತು ಎಸ್‌ಎಂಎಸ್ ದಾಖಲೆ, ಫೋಟೊ, ಕ್ಯಾಮೆರಾಗಳಿಗೆ ಅನುಮತಿ ಕೇಳುತ್ತದೆ. ವೆಬ್‌ಸೈಟಿಗೆ ನಾನು ಬೇಕೆಂದಾಗ ಹೋಗಿ ಕೆಲಸ ಮುಗಿಸಿ ಬರುತ್ತೇನೆ. ಆ್ಯಪ್ ನನ್ನ ಫೋನಿನಲ್ಲೇ ಮನೆ ಮಾಡುತ್ತದೆ. 2025ರ ನವೆಂಬರ್ 28ರಂದು ಇಲಾಖೆ, 90 ದಿನಗಳೊಳಗೆ ಎಲ್ಲ ಹೊಸ ಫೋನ್‌ಗಳಲ್ಲೂ ಈ ಆ್ಯಪ್ ಮೊದಲೇ ಇರಬೇಕು, ಅದರ ಕೆಲಸಗಳನ್ನು ನಿಷ್ಕ್ರಿಯಗೊಳಿಸುವಂತಿರಬಾರದು ಎಂದು ಕಂಪನಿಗಳಿಗೆ ಆದೇಶಿಸಿತು. ವಿರೋಧ ಎದ್ದ ಮೇಲೆ, ಬೇಡವಾದರೆ ಅಳಿಸಬಹುದು ಎಂದು ಮಂತ್ರಿಗಳು ಹೇಳಿದರು. ಡಿಸೆಂಬರ್ 3ಕ್ಕೆ ಕಡ್ಡಾಯವನ್ನೇ ಕೈಬಿಟ್ಟರು. ಹಿಂತೆಗೆದುಕೊಂಡದ್ದು ಒಳ್ಳೆಯದೇ. ಆದರೆ ಜನರನ್ನು ಕೇಳದೆ ಅವರ ಜೇಬಿಗೆ ಇಳಿಯಲು ಹೊರಟರಲ್ಲ, ಆ ದಿನದಿಂದ ಒಳ್ಳೆಯ ಪೋರ್ಟಲ್ ಮೇಲೂ ಗಿರಾಕಿಗಳಿಗೆ ಅನುಮಾನ. "ಒಟಿಪಿ ಕೊಟ್ರೆ ನಮ್ಮ ಫೋನ್ ಎಲ್ಲಾ ಅವರಿಗೆ ಕಾಣ್ತದಾ?" ಅಂತ ಕೇಳುತ್ತಾರೆ. ಕಾಣುವುದಿಲ್ಲ ಅಂತ ಬಿಡಿಸಿ ಹೇಳಬೇಕು.

ಈ ಅನುಮಾನ ಬುಡವಿಲ್ಲದ್ದಲ್ಲ. ಫೋನ್ ಕದ್ದಾಲಿಕೆ ಆರೋಪದ ಮೇಲೆ 1988ರಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟ ರಾಜ್ಯ ನಮ್ಮದು. 2019ರಲ್ಲಿ ಮತ್ತೆ ಅಂಥದೇ ಆರೋಪ ಎದ್ದು ತನಿಖೆ ಸಿಬಿಐಗೆ ಹೋಯಿತು. ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ತೀರ್ಪು ಬಂದಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹಾಕಿದ ಅರ್ಜಿಯಿಂದ. ಅದಾದ ಮೇಲೂ, 2024ರ ಡಿಸೆಂಬರಿನ ನಿಯಮಗಳಲ್ಲಿ ಕರೆ ಆಲಿಸುವ ಆದೇಶ ಕೊಡುವವರು ಗೃಹ ಕಾರ್ಯದರ್ಶಿ, ಅದು ಸರಿಯೇ ಎಂದು ಪರಿಶೀಲಿಸುವ ಸಮಿತಿಯಲ್ಲಿರುವವರೂ ಕಾರ್ಯದರ್ಶಿಗಳೇ. ನ್ಯಾಯಾಧೀಶರಿಲ್ಲ. ಆದೇಶ 60 ದಿನ, ವಿಸ್ತರಿಸುತ್ತಾ 180 ದಿನದವರೆಗೆ. ಮುಗಿದ ಮೇಲಾದರೂ ಆ ಮನುಷ್ಯನಿಗೆ ತಿಳಿಸುವ ಏರ್ಪಾಡಿಲ್ಲ. ನಾವು ಯಾರಿಗೆ, ಯಾವಾಗ ಕರೆ ಮಾಡಿದೆವು ಎಂಬ ದಾಖಲೆಯನ್ನು ಕಂಪನಿಗಳು ಕನಿಷ್ಠ 2 ವರ್ಷ ಇಟ್ಟುಕೊಳ್ಳಲೇಬೇಕು ಎಂಬ ನಿಯಮವೂ 2021ರಿಂದ ಇದೆ.

ಇಲಾಖೆಯವರು ಇದನ್ನು ಓದಿದರೆ ನನ್ನ ಬೇಡಿಕೆ ಒಂದೇ. ನನ್ನ ಹೆಸರಿನ ಸಿಮ್‌ಗಳನ್ನು ತೋರಿಸುವ ಅದೇ ಪುಟದಲ್ಲಿ, ನನ್ನ ಕರೆ ದಾಖಲೆಯನ್ನು ಯಾವ ಕಚೇರಿ, ಯಾವ ಕಾನೂನಿನಡಿ ಪಡೆಯಿತು ಎಂಬುದನ್ನೂ ತನಿಖೆ ಮುಗಿದ ಮೇಲೆ ತೋರಿಸಿ. ಆಗ ಗಿರಾಕಿಗಳ ಫೋನಿಗೆ ಆ್ಯಪನ್ನೂ ನಾನೇ ಹಾಕಿಕೊಡುತ್ತೇನೆ. ಅಲ್ಲಿಯವರೆಗೆ ಬ್ರೌಸರಿನಲ್ಲಿ ಸಂಚಾರ್ ಸಾಥಿ ಸೈಟ್ ತೆರೆಯಿರಿ, ವಿಳಾಸದ ಕೊನೆಯಲ್ಲಿ 'ಗವ್ ಡಾಟ್ ಇನ್' ಇದೆಯೇ ನೋಡಿಕೊಳ್ಳಿ. ಮನೆಯ ಹಿರಿಯರ ನಂಬರುಗಳನ್ನೂ ಒಮ್ಮೆ ಪರೀಕ್ಷಿಸಿಬಿಡಿ.