ಟರಾಂಟುಲಾ ಬಿಟ್ಟ ಪೊರೆಯನ್ನು ಬರಿಗೈಯಲ್ಲಿ ಮುಟ್ಟಬೇಡಿ

ನನ್ನ ಕಣ್ಣು ಹಾಳಾದ ದಿನ ಜೇಡ ಪೆಟ್ಟಿಗೆಯಲ್ಲೇ ಇರಲಿಲ್ಲ. ನಾನು ಎಡವಿದ್ದೂ ಅಲ್ಲೇ.

ಸಾಕಿದ್ದು ಮೆಕ್ಸಿಕನ್ ರೆಡ್‌ನೀ, ಟರಾಂಟುಲಾ ಅನ್ನುವ ದೊಡ್ಡ ರೋಮದ ಜೇಡಗಳಲ್ಲಿ ಒಂದು ಜಾತಿ. ಬಹಳ ಸಾಧು, ಒಂದು ಸಲವೂ ಕಚ್ಚಲು ಬಂದಿಲ್ಲ. ಪೊರೆ ಕಳಚಿ ಎರಡು ವಾರ ಆಗಿತ್ತು. ಕೋರೆಹಲ್ಲು ಗಟ್ಟಿಯಾಗಲಿ ಅಂತ ಅಲ್ಲಿಯವರೆಗೆ ಸುಮ್ನೆ ಬಿಟ್ಟಿದ್ದೆ. ಅವತ್ತು ಅದನ್ನು ಡಬ್ಬಿಗೆ ದಾಟಿಸಿ, ಗಾಜಿನ ಪೆಟ್ಟಿಗೆ ಕ್ಲೀನ್ ಮಾಡಲು ಕೂತೆ. ಜೇಡವೇ ಇಲ್ಲ ಅಂದಮೇಲೆ ಗ್ಲೌಸ್ ಯಾಕೆ, ಅಲ್ವಾ?

ಪೊರೆಯ ಹೊಟ್ಟೆ ಭಾಗವನ್ನು ಒಳಗಿನಿಂದ ನೋಡಿದರೆ ಹೆಣ್ಣೋ ಗಂಡೋ ಗೊತ್ತಾಗುತ್ತದೆ. ಹೆಣ್ಣಾದರೆ 20 ವರ್ಷಕ್ಕೂ ಜಾಸ್ತಿ ಬದುಕಬಹುದು, ಗಂಡು ಬೇಗ ಹೋಗಿಬಿಡುತ್ತದೆ. ಹಾಗಾಗಿ ಕುತೂಹಲ. ಆ ಭಾಗ ಒಣಗಿ ಮುದುಡಿರುತ್ತದೆ, ಸೋಪು ನೀರಲ್ಲಿ ನೆನೆಸಿ ಬಿಡಿಸಬೇಕು. ನನಗೆ ಅಷ್ಟು ತಾಳ್ಮೆ ಇರಲಿಲ್ಲ. ಒಣಗಿದ್ದನ್ನೇ ಮೂಗಿನ ಹತ್ತಿರ ಹಿಡಿದು ಟೂತ್‌ಪಿಕ್‌ನಲ್ಲಿ ಬಿಡಿಸಿದೆ. ಬೆರಳಿಗೆ ಕಂದು ಧೂಳಿನಂಥದ್ದು ಅಂಟಿತು. ಒರೆಸಿಕೊಂಡೆ. ಐದು ನಿಮಿಷಕ್ಕೆ ಎಡಗಣ್ಣು ಕೆರೆಯಿತು. ಚೆನ್ನಾಗಿ ಉಜ್ಜಿದೆ.

ಅಂದ ಹಾಗೆ, ಹೆಣ್ಣು.

ಅದು ಧೂಳಲ್ಲ, ಕೂದಲು. ಅಮೆರಿಕ ಖಂಡಗಳ ಎಷ್ಟೋ ಟರಾಂಟುಲಾಗಳ ಹೊಟ್ಟೆಯ ಮೇಲೆ ಇಂಥ ಸಣ್ಣ ಕೂದಲಿರುತ್ತವೆ. ಒಂದೊಂದಕ್ಕೂ ಗಾಳದಂಥ ಮುಳ್ಳುಗಳು. ಹೆದರಿದಾಗ ಹಿಂಗಾಲಿನಿಂದ ಕೆರೆದು ಗಾಳಿಗೆ ಹಾರಿಸುತ್ತವೆ. ಜೇಡದ ಹಿಂಭಾಗ ಬೋಳಾಗಿ ಕಂಡರೆ ಕಾರಣ ಅದೇ. ಇಷ್ಟು ನನಗೂ ಗೊತ್ತಿತ್ತು. ಕಳಚಿದ ಪೊರೆಯಲ್ಲಿ, ನೆಲಕ್ಕೆ ಹಾಸಿದ ಬಲೆಯಲ್ಲಿ ಕೂಡ ಅವು ಉಳಿದಿರುತ್ತವೆ ಅನ್ನುವುದು ಮಾತ್ರ ತಲೆಗೆ ಹೊಳೆಯಲಿಲ್ಲ. ಕಣ್ಣು ಉಜ್ಜಿದಷ್ಟೂ ಒಳಗೆ ಇಳಿಯುತ್ತವೆ.

ಮೊದಲು ತೋರಿಸಿದ ಡಾಕ್ಟ್ರು ಕಣ್ಣುಬೇನೆ ಅಂದರು, ಆಂಟಿಬಯಾಟಿಕ್ ಡ್ರಾಪ್ಸ್ ಕೊಟ್ಟರು. ಅವರ ತಪ್ಪೇನಿಲ್ಲ. ಜೇಡದ ವಿಷಯ ನಾನೇ ಬಾಯಿ ಬಿಟ್ಟಿರಲಿಲ್ಲ, ನಾಚಿಕೆ! ವಾರ ಕಳೆದರೂ ಕೆಂಪು ಇಳಿಯಲಿಲ್ಲ. ಬೆಳಕು ನೋಡಿದರೆ ನೀರು ಸುರಿಯುತ್ತಿತ್ತು. ಎರಡನೆಯವರು, ಕಣ್ಣಿನ ತಜ್ಞರು, ಸ್ಲಿಟ್ ಲ್ಯಾಂಪ್‌ನಲ್ಲಿ (ಕಣ್ಣನ್ನು ದೊಡ್ಡದಾಗಿ ತೋರಿಸುವ ಯಂತ್ರ) ನೋಡುತ್ತಾ "ಮನೆಯಲ್ಲಿ ಏನಾದರೂ ಸಾಕಿದ್ದೀರಾ?" ಅಂತ ಕೇಳಿದರು. ಕಾರ್ನಿಯಾದಲ್ಲಿ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದಲ್ಲಿ, ಕೂದಲುಗಳು ಚುಚ್ಚಿ ನಿಂತಿದ್ದವು. ತುದಿ ಹೊರಗಿದ್ದವನ್ನು ಸಣ್ಣ ಚಿಮಟದಲ್ಲಿ ಕಿತ್ತರು. ಆಳಕ್ಕೆ ಹೋದದ್ದನ್ನು ಕೀಳಲು ಆಗುವುದಿಲ್ಲವಂತೆ. ಅದಕ್ಕೆ ಸ್ಟೀರಾಯ್ಡ್ ಡ್ರಾಪ್ಸ್, ತಿಂಗಳುಗಟ್ಟಲೆ. ಅದನ್ನು ನೀವಾಗಿ ತಂದು ಹಾಕಿಕೊಳ್ಳಬೇಡಿ, ಕಣ್ಣಿನ ಒತ್ತಡ ಏರಬಹುದು. ನನ್ನದನ್ನು ಪ್ರತಿ ಸಲ ಅಳೆಯುತ್ತಾರೆ.

ಜೇಡ ಸಾಕಬೇಡಿ ಅಂತ ನಾನು ಹೇಳಲ್ಲ, ನಾನೇ ಬಿಟ್ಟಿಲ್ಲ. ಆದರೆ ಪೆಟ್ಟಿಗೆಗೆ ಕೈ ಹಾಕುವಾಗ ಪಕ್ಕ ಮುಚ್ಚಿರುವ ಗಾಗಲ್ಸ್ ಹಾಕಿ. ಬರೀ ಕನ್ನಡಕ ಸಾಲದು. ಪೊರೆಯನ್ನು ಉದ್ದ ಚಿಮಟದಲ್ಲೇ ಎತ್ತಿ, ನೆನೆಸಿದ ಮೇಲೇ ಬಿಡಿಸಿ. ಕಣ್ಣಿಗೆ ಬಿತ್ತು ಅನ್ನಿಸಿದರೆ ಉಜ್ಜದೆ ನೀರಲ್ಲಿ ತೊಳೆದು, ಸೀದಾ ಕಣ್ಣಿನ ಡಾಕ್ಟ್ರ ಹತ್ತಿರ ಹೋಗಿ ಮೊದಲ ಮಾತಿಗೇ "ಟರಾಂಟುಲಾ" ಅನ್ನಿ. ಏಷ್ಯಾ, ಆಫ್ರಿಕಾದ ಜಾತಿಗಳಿಗೆ ಈ ಕೂದಲಿಲ್ಲ ಅಂತ ಅತ್ತ ಹೊರಳಬೇಡಿ. ಅವುಗಳ ಓಟವೂ ಜೋರು, ಕಡಿತವೂ ಜೋರು.

ನನಗೆ ಇದು ನಾಲ್ಕನೇ ತಿಂಗಳು. ರಾತ್ರಿ ಎದುರಿಂದ ಗಾಡಿಯ ಲೈಟ್ ಬಿದ್ದರೆ ಎಡಗಣ್ಣು ಈಗಲೂ ತಾನಾಗೇ ಮುಚ್ಚಿಕೊಳ್ಳುತ್ತದೆ.