ಸೀಕೊ ಎಸ್‌ಕೆಎಕ್ಸ್ 007: ಒಂಬತ್ತು ವರ್ಷ ಕಟ್ಟಿ, ಐದು ಸಲ ಬಿಚ್ಚಿ ಕಂಡದ್ದು

ಈ ಗಡಿಯಾರವನ್ನು ಕೊಂಡ ದಿನ ಇದ್ದದ್ದರಲ್ಲಿ ಇಂದಿಗೂ ಉಳಿದಿರುವುದು ಉಕ್ಕಿನ ಕವಚ, ಹಿಂಬದಿಯ ಮುಚ್ಚಳ, ಗಾಜಿನ ಸುತ್ತ ತಿರುಗುವ ಬೆಜೆಲ್ ಎಂಬ ಉಂಗುರ, ಡಯಲ್ ಮತ್ತು ಮುಳ್ಳುಗಳು. ಗಾಜು ಬದಲಾಗಿದೆ, ಒಳಗಿನ ಯಂತ್ರ ಬದಲಾಗಿದೆ, ಪಟ್ಟಿಯನ್ನು ಎಷ್ಟು ಸಲ ಬದಲಿಸಿದೆನೋ ಲೆಕ್ಕವಿಟ್ಟಿಲ್ಲ. ಡಯಲ್ ಮತ್ತು ಮುಳ್ಳುಗಳು ಕೂಡ ಹದಿನಾಲ್ಕು ತಿಂಗಳು ಡಬ್ಬಿಯಲ್ಲಿ ಕಳೆದು ಮತ್ತೆ ತಮ್ಮ ಜಾಗಕ್ಕೆ ಬಂದವು. ಅಗ್ಗದ ಗಡಿಯಾರವನ್ನು ಬಿಚ್ಚಿ ಬದಲಿಸುವ ಹವ್ಯಾಸಕ್ಕೆ ಇಳಿಯಬೇಕೆನ್ನುವವರು ನನ್ನನ್ನು ಆಗಾಗ ಕೇಳುವುದು ಒಂದೇ ಪ್ರಶ್ನೆ: ಮೊದಲು ಏನನ್ನು ಬದಲಿಸಬೇಕು? ಕೈಗೆ ತಿಳಿಯುವುದನ್ನು ಮೊದಲು ಬದಲಿಸಿ, ಕಣ್ಣಿಗೆ ಚೆಂದ ಕಾಣುವುದನ್ನು ಕೊನೆಗಿಡಿ ಎಂದು ನಾನು ಹೇಳುತ್ತೇನೆ. ಹಾಗೆ ಹೇಳಲು ನನಗೆ ಒಂಬತ್ತು ವರ್ಷ ಹಿಡಿಯಿತು.

ಎಸ್‌ಕೆಎಕ್ಸ್ 007 ಮಾರುಕಟ್ಟೆಗೆ ಬಂದದ್ದು 1996ರಲ್ಲಿ. ತಯಾರಿಕೆ ನಿಂತದ್ದು 2019ರಲ್ಲಿ. ನೀರಿನಲ್ಲಿ 200 ಮೀಟರ್ ಆಳದವರೆಗೆ ಎಂದು ಡಯಲ್ ಮೇಲೆ ಬರೆದಿರುವ, ಮುಳುಗುಗಾರರ ಗಡಿಯಾರಗಳಿಗೆ ಮೀಸಲಾದ ಐಎಸ್‌ಒ 6425 ಮಾನದಂಡಕ್ಕೆ ಒಪ್ಪುವ ಗಡಿಯಾರ ಇದು. ಸಮಯ ಹೊಂದಿಸಲು ತಿರುಗಿಸುವ ಗುಂಡಿ, ಅಂದರೆ ಕ್ರೌನ್, ಮೂರರ ಬದಿಗಲ್ಲ, ನಾಲ್ಕರ ಬದಿಗಿದೆ. ಮಣಿಕಟ್ಟು ಮಡಚಿದಾಗ ಅದು ಕೈಯ ಹಿಂಬದಿಗೆ ಚುಚ್ಚುವುದಿಲ್ಲ. ಪಟ್ಟಿಯ ಅಗಲ 22 ಮಿಲಿಮೀಟರ್. ಇಷ್ಟು ದೀರ್ಘಕಾಲ ಹೆಚ್ಚು ಬದಲಾವಣೆಯಿಲ್ಲದೆ ತಯಾರಾದ್ದರಿಂದಲೇ ಇದಕ್ಕೆ ಹೊಂದುವ ಬಿಡಿಭಾಗಗಳ ದೊಡ್ಡ ಲೋಕವೇ ಹುಟ್ಟಿಕೊಂಡಿತು. ಡಯಲ್‌ನ ವ್ಯಾಸ 28.5 ಮಿಲಿಮೀಟರ್, ಗಂಟೆ ಮುಳ್ಳಿನ ರಂಧ್ರ 1.5, ನಿಮಿಷದ ಮುಳ್ಳಿನದು 0.9. ಈ ಅಳತೆಗಳು ಬಾಯಿಪಾಠವಾದರೆ ಅರ್ಧ ಹವ್ಯಾಸ ಕೈವಶವಾದಂತೆ.

ಇದರ ಮೂಲ ಯಂತ್ರ 7ಎಸ್26. ಕೈ ಅಲುಗಾಟದಿಂದಲೇ ತಾನಾಗಿ ಕೀಲಿ ಸುತ್ತಿಕೊಳ್ಳುತ್ತದೆ. ಒಳಗಿನ ಅರ್ಧಚಂದ್ರಾಕಾರದ ತೂಕ ಯಾವ ದಿಕ್ಕಿಗೆ ತಿರುಗಿದರೂ ಸ್ಪ್ರಿಂಗ್ ಬಿಗಿಯುವಂತೆ ಮಾಡುವ ಮ್ಯಾಜಿಕ್ ಲಿವರ್ ಎಂಬ ಸರಳ ಸನ್ನೆ ಅದರಲ್ಲಿದೆ. ಸೀಕೊ ಅದನ್ನು 1959ರಲ್ಲಿ ರೂಪಿಸಿತು. ಅಷ್ಟು ಕಡಿಮೆ ಭಾಗಗಳಲ್ಲಿ ಅಷ್ಟು ಕೆಲಸ ಮಾಡಿಸಿದ ಆ ಬುದ್ಧಿಗೆ ನಾನು ಇಂದಿಗೂ ಮನಸೋಲುತ್ತೇನೆ. ಆದರೆ 7ಎಸ್26ಕ್ಕೆ ಕೈಯಿಂದ ಕೀಲಿ ಕೊಡಲಾಗದು, ಕ್ರೌನ್ ಎಳೆದಾಗ ಸೆಕೆಂಡ್ ಮುಳ್ಳು ನಿಲ್ಲುವುದೂ ಇಲ್ಲ. ಎರಡು ದಿನ ಕಟ್ಟದೆ ಬಿಟ್ಟರೆ ನಿಂತಿರುತ್ತದೆ. ಬೆಳಿಗ್ಗೆ ಎತ್ತಿ ಮೆಲ್ಲಗೆ ಅತ್ತಿತ್ತ ತೂಗಿ ಎಚ್ಚರಿಸಬೇಕು, ಆಮೇಲೆ ಸಮಯ ಅಂದಾಜಿನಿಂದ ಹೊಂದಿಸಬೇಕು. ಮೊದಲ ಎರಡು ವರ್ಷ ಹೀಗೆಯೇ ನಡೆಯಿತು, ಬೇಸರವಾಗಲಿಲ್ಲ.

ಬೇಸರ ತಂದದ್ದು ಗಾಜು. ಇದರಲ್ಲಿರುವುದು ಹಾರ್ಡ್‌ಲೆಕ್ಸ್, ಅಂದರೆ ಗಟ್ಟಿಗೊಳಿಸಿದ ಖನಿಜ ಗಾಜು. ಪೆಟ್ಟನ್ನು ಚೆನ್ನಾಗಿ ತಾಳುತ್ತದೆ, ಗೀರನ್ನು ಅಷ್ಟು ತಾಳುವುದಿಲ್ಲ. ಗೋಡೆಗೆ ಸವರಿದ ಎರಡು ಉದ್ದ ಗೀರುಗಳು ಎಂಟರ ಚುಕ್ಕಿಯ ಮೇಲೆ ಅಡ್ಡಲಾಗಿ ನಿಂತವು. ಮೂರನೆಯ ವರ್ಷ ನೀಲಮಣಿ ಗಾಜು ತರಿಸಿದೆ. ಮೋಸ್ ಗಡಸುತನದ ಅಳತೆಯಲ್ಲಿ ಇದು ಒಂಬತ್ತು, ಇದಕ್ಕಿಂತ ಮೇಲಿರುವುದು ವಜ್ರ ಮಾತ್ರ. ಎರಡೂ ಬದಿ ಉಬ್ಬಿದ, ಒಳಮೈಗೆ ಪ್ರತಿಫಲನ ತಡೆಯುವ ಲೇಪವಿರುವ ಗಾಜನ್ನು ಆರಿಸಿಕೊಂಡೆ. ಲೇಪ ಹೊರಮೈಗೂ ಇದ್ದರೆ ಗಾಜಿಗೆ ಗೀರಾಗದಿದ್ದರೂ ಲೇಪಕ್ಕೆ ಆಗುತ್ತದೆ, ಆದ್ದರಿಂದ ಒಳಮೈಗೆ ಮಾತ್ರ ಇರುವುದೇ ಒಳ್ಳೆಯದು. ಬೆಜೆಲ್ ಎಬ್ಬಿಸಿ, ಯಂತ್ರ ಹೊರತೆಗೆದು, ಹಳೆಯ ಗಾಜನ್ನು ಒಳಗಿನಿಂದ ಒತ್ತಿ ತೆಗೆದು, ಹೊಸದನ್ನು ಒತ್ತುಯಂತ್ರದಲ್ಲಿ ಕೂರಿಸಿದೆ. ಟಕ್ ಎಂಬ ಸಣ್ಣ ಸದ್ದಿನೊಡನೆ ಅದು ಕುಳಿತಾಗ ಆದ ಸಂತೋಷ ಇನ್ನೂ ನೆನಪಿದೆ. ಆರು ವರ್ಷಗಳಾದವು, ಗಾಜಿನ ಮೇಲೆ ಒಂದೇ ಒಂದು ಗೀರಿಲ್ಲ. ಓರೆಯಾಗಿ ನೋಡಿದರೆ ಅಂಚಿನಲ್ಲಿ ಗುರುತುಗಳು ಸ್ವಲ್ಪ ಬಾಗಿದಂತೆ ಕಾಣುತ್ತವೆ, ಅದು ನನಗೆ ಇಷ್ಟ. ಇಷ್ಟವಿಲ್ಲದವರು ಚಪ್ಪಟೆ ಗಾಜು ಆರಿಸಿಕೊಳ್ಳಲಿ. ಒಂದು ಮಾತು ನೆನಪಿರಲಿ: ನೀಲಮಣಿ ಗೀರುವುದಿಲ್ಲ, ಆದರೆ ಗಟ್ಟಿ ನೆಲಕ್ಕೆ ಕೆಟ್ಟ ಕೋನದಲ್ಲಿ ಬಿದ್ದರೆ ಒಡೆದು ಚೂರಾಗಬಹುದು.

ಆ ಸಂತೋಷ ಎರಡು ತಿಂಗಳು ಉಳಿಯಿತು. ಒಂದು ಬೆಳಿಗ್ಗೆ ಬಿಸಿನೀರಿನ ಸ್ನಾನ ಮುಗಿಸಿ ಗಡಿಯಾರವನ್ನು ತಣ್ಣೀರಿನ ನಲ್ಲಿಗೆ ಹಿಡಿದೆ. ಗಾಜಿನ ಒಳಗೆ ಅಂಚಿನುದ್ದಕ್ಕೂ ತೆಳುವಾದ ಮಂಜು ಕಟ್ಟಿತು. ಎದೆ ಧಸಕ್ಕೆಂದಿತು. ಆಗಲೇ ಮುಚ್ಚಳ ಬಿಚ್ಚಿ, ತೇವ ಹೀರುವ ಸಿಲಿಕಾ ಹರಳುಗಳ ಡಬ್ಬಿಯಲ್ಲಿ ಇಟ್ಟೆ. ಯಂತ್ರಕ್ಕೆ ತುಕ್ಕು ಹಿಡಿಯಲಿಲ್ಲ. ತಪ್ಪು ನನ್ನದೇ ಆಗಿತ್ತು. ಮುಚ್ಚಳದ ರಬ್ಬರ್ ಉಂಗುರವನ್ನು ಗ್ರೀಸ್ ಹಚ್ಚದೆ ಒಣದಾಗಿ ಕೂರಿಸಿದ್ದೆ, ಮುಚ್ಚಳ ತಿರುಗಿಸುವಾಗ ಉಂಗುರವೂ ಜೊತೆಗೆ ಹೊರಳಿ ಒಂದೆಡೆ ಮಡಚಿಕೊಂಡಿತ್ತು. ಕೂದಲೆಳೆಯಷ್ಟು ಸಿಲಿಕೋನ್ ಗ್ರೀಸ್ ಇದ್ದಿದ್ದರೆ ಆಗುತ್ತಿರಲಿಲ್ಲ.

ಬದಲಾಯಿಸಿದ ಗಡಿಯಾರಗಳ ಬಗ್ಗೆ ಬರೆಯುವವರು ಈ ವಿಷಯಕ್ಕೆ ಸಾಕಷ್ಟು ಜಾಗ ಕೊಡುವುದಿಲ್ಲ, ಆದ್ದರಿಂದ ನಾನು ಒತ್ತಿ ಹೇಳುತ್ತೇನೆ. ಐಎಸ್‌ಒ 6425ರ ಪ್ರಕಾರ ಗಡಿಯಾರವನ್ನು ಬರೆದ ಆಳಕ್ಕಿಂತ ಕಾಲು ಭಾಗ ಹೆಚ್ಚಿನ ಒತ್ತಡದಲ್ಲಿ ಪರೀಕ್ಷಿಸಬೇಕು. 200 ಮೀಟರ್ ಎಂದಿದ್ದರೆ 250 ಮೀಟರ್‌ಗೆ ಸಮನಾದ ಒತ್ತಡ. ಕಾರ್ಖಾನೆ ಕೊಟ್ಟ ಆ ಮಾತು ನೀವು ಮುಚ್ಚಳ ಬಿಚ್ಚಿದ ಗಳಿಗೆಯಲ್ಲಿ ಮುಗಿಯಿತು. ಡಯಲ್ ಮೇಲಿನ ಅಕ್ಷರಗಳು ಹಾಗೆಯೇ ಇರುತ್ತವೆ, ಅವುಗಳ ಹಿಂದೆ ಈಗ ನಿಂತಿರುವುದು ನಿಮ್ಮ ಕೈಕೆಲಸ. ಗಾಜಿನ ಸುತ್ತ ಒಂದು, ಮುಚ್ಚಳದ ಕೆಳಗೆ ಒಂದು, ಕ್ರೌನ್ ಒಳಗೆ ಒಂದು, ಹೀಗೆ ಮೂರು ಕಡೆ ನೀರು ತಡೆಯುವ ಉಂಗುರಗಳು, ಅಂದರೆ ಗ್ಯಾಸ್ಕೆಟ್‌ಗಳಿವೆ. ಬಿಚ್ಚಿದಾಗಲೆಲ್ಲ ಮೂರನ್ನೂ ಲೂಪ್ ಎಂಬ ಸಣ್ಣ ಭೂತಗನ್ನಡಿ ಹಿಡಿದು ನೋಡಿ. ಚಪ್ಪಟೆಯಾಗಿದ್ದರೆ ಹೊಸದು ಹಾಕಿ. ಮುಚ್ಚಿದ ಮೇಲೆ ಗಡಿಯಾರ ದುರಸ್ತಿ ಮಾಡುವವರ ಬಳಿ ಒಣ ಪರೀಕ್ಷೆ ಮಾಡಿಸಿ. ನೀರು ಸೋಕಿಸದೆ, ಗಾಳಿಯ ಒತ್ತಡಕ್ಕೆ ಕವಚ ಎಷ್ಟು ಬಾಗುತ್ತದೆಂದು ಅಳೆದು ಸೋರಿಕೆ ಪತ್ತೆ ಹಚ್ಚುವ ಯಂತ್ರ ಅದು. ನಾನು ಪ್ರತಿ ಸಲವೂ ಮಾಡಿಸುತ್ತೇನೆ. ಮಾಡಿಸದ ಗಡಿಯಾರವನ್ನು ಮಳೆಯಲ್ಲಿ ಕಟ್ಟಿಕೊಳ್ಳಲೂ ನನಗೆ ಮನಸ್ಸಿಲ್ಲ.

ನಾಲ್ಕನೆಯ ವರ್ಷ ಯಂತ್ರ ಬದಲಿಸಿದೆ. ಸೀಕೊ ಬಳಗದ್ದೇ ಆದ ಎನ್‌ಎಚ್36 ಹಳೆಯ 7ಎಸ್26ರ ಜಾಗದಲ್ಲಿ ಸರಿಯಾಗಿ ಕೂರುತ್ತದೆ. ಕೈಯಿಂದ ಕೀಲಿ ಕೊಡಬಹುದು, ಕ್ರೌನ್ ಎಳೆದರೆ ಸೆಕೆಂಡ್ ಮುಳ್ಳು ನಿಲ್ಲುತ್ತದೆ, ಪೂರ್ತಿ ಸುತ್ತಿದರೆ ಸುಮಾರು 41 ಗಂಟೆ ನಡೆಯುತ್ತದೆ. ಎರಡೂ ಯಂತ್ರಗಳು ಗಂಟೆಗೆ 21,600 ಸಲ ಮಿಡಿಯುತ್ತವೆ. ಆದ್ದರಿಂದ ಸೆಕೆಂಡ್ ಮುಳ್ಳು ಇನ್ನಷ್ಟು ನಯವಾಗಿ ಜಾರಲಿ ಎಂಬ ಆಸೆಯಿಂದ ಇದನ್ನು ಹಾಕಿಸಿಕೊಳ್ಳುವವರಿಗೆ ಏನೂ ಸಿಗುವುದಿಲ್ಲ.

ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಈ ಗಡಿಯಾರದಲ್ಲಿ ಕ್ರೌನ್ ನಾಲ್ಕರ ಬದಿಗಿರುವುದರಿಂದ ಇಡೀ ಯಂತ್ರವನ್ನೇ ಸ್ವಲ್ಪ ತಿರುಗಿಸಿ ಕೂರಿಸಿರುತ್ತಾರೆ, ಆದರೆ ವಾರ ಮತ್ತು ತಾರೀಖಿನ ಕಿಂಡಿ ಮೂರರ ಬಳಿಯೇ ಇದೆ. ಕ್ರೌನ್ ಮೂರರಲ್ಲಿರುವ ಗಡಿಯಾರಗಳಿಗೆಂದು ಅಚ್ಚಾದ ತಾರೀಖಿನ ಚಕ್ರವನ್ನು ಇಲ್ಲಿ ಹಾಕಿದರೆ ಅಂಕಿಗಳು ವಾಲಿಕೊಂಡು ಕಿಂಡಿಯ ನಡುವೆ ನಿಲ್ಲುವುದಿಲ್ಲ. ಪರಿಹಾರ ಕಷ್ಟದ್ದಲ್ಲ, ಹಳೆಯ ಯಂತ್ರದ ಎರಡೂ ಚಕ್ರಗಳನ್ನು ಹೊಸದಕ್ಕೆ ವರ್ಗಾಯಿಸಿದರೆ ಆಯಿತು. ವಾರದ ಚಕ್ರವನ್ನು ಹಿಡಿದಿರುವುದು ಇಂಗ್ಲಿಷಿನ ‘ಸಿ’ ಅಕ್ಷರದಂಥ ಒಂದು ಸಣ್ಣ ಕ್ಲಿಪ್. ಚಿಮುಟದ ತುದಿ ಜಾರಿದ ಕ್ಷಣದಲ್ಲಿ ಅದು ಹಾರಿತು. ನೆಲವನ್ನೆಲ್ಲ ತಡಕಿದೆ, ಮೇಜಿನ ಕೆಳಗೆ ಟಾರ್ಚ್ ಹಿಡಿದು ಹುಡುಕಿದೆ. ಮೂರು ಗಂಟೆಯ ನಂತರ ಅಂಗಿಯ ತೋಳಿನ ಮಡಿಕೆಯಲ್ಲಿ ಸಿಕ್ಕಿತು. ಅಂದಿನಿಂದ ಹಾರುವ ಸಾಧ್ಯತೆಯಿರುವ ಯಾವುದೇ ಭಾಗವನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ತೆಗೆಯುತ್ತೇನೆ. ಹಾರಿದರೂ ಚೀಲದಲ್ಲೇ ಇರುತ್ತದೆ.

ನನ್ನ ಹಳೆಯ ಯಂತ್ರ ದಿನಕ್ಕೆ ಹದಿನೆಂಟು ಸೆಕೆಂಡ್ ಮುಂದೆ ಓಡುತ್ತಿತ್ತು. ಹೊಸದು ಬಂದಾಗ ಹನ್ನೊಂದು. ಎರಡಕ್ಕೂ ತಯಾರಕರು ಹೇಳುವ ಮಿತಿ ದಿನಕ್ಕೆ 20 ಸೆಕೆಂಡ್ ಹಿಂದೆ, 40 ಸೆಕೆಂಡ್ ಮುಂದೆ, ಹಾಗಾಗಿ ಎರಡೂ ಸರಿಯಾಗಿಯೇ ಇದ್ದವು. ಮಿಡಿತ ಅಳೆಯುವ ಯಂತ್ರದಲ್ಲಿ ಈ ಮಾದರಿಗೆ ತಕ್ಕ ಲಿಫ್ಟ್ ಕೋನವೆಂಬ ಅಳತೆಯನ್ನು 53 ಡಿಗ್ರಿ ಎಂದು ಹೊಂದಿಸಿ, ತೂಗುಚಕ್ರದ ಮೇಲಿನ ಸನ್ನೆಯನ್ನು ಉಸಿರು ಬಿಗಿಹಿಡಿದು ಸರಿಸಿದೆ. ಕಣ್ಣಿಗೆ ಕಾಣದಷ್ಟು ಸರಿದರೂ ಹತ್ತು ಸೆಕೆಂಡ್ ವ್ಯತ್ಯಾಸವಾಗುತ್ತದೆ. ಒಂದು ಸಂಜೆಯ ಕೆಲಸದ ನಂತರ ದಿನಕ್ಕೆ ನಾಲ್ಕು ಸೆಕೆಂಡ್ ಮುಂದೆ ಎಂಬಲ್ಲಿಗೆ ಬಂತು. ಐದು ವರ್ಷಗಳ ಮೇಲೂ ಏಳನ್ನು ದಾಟಿಲ್ಲ. ನಡುವೆ ಒಮ್ಮೆ ಇದ್ದಕ್ಕಿದ್ದಂತೆ ದಿನಕ್ಕೆ ಮೂರು ನಿಮಿಷ ಮುಂದೆ ಓಡತೊಡಗಿದಾಗ ಗಾಬರಿಯಾಯಿತು. ಸ್ಪೀಕರ್ ಪಕ್ಕದಲ್ಲಿ ಇಟ್ಟಿದ್ದೆ, ಸುರುಳಿ ಸ್ಪ್ರಿಂಗ್ ಕಾಂತವಾಗಿ ಅದರ ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಕಾಂತ ಕಳೆಯುವ ಸಣ್ಣ ಸಾಧನದ ಮುಂದೆ ಹಿಡಿದು ಹಿಂದೆಗೆದ ಕೂಡಲೇ ಸರಿಹೋಯಿತು. ಇಂಥ ಲಕ್ಷಣ ಕಂಡರೆ ಮುಚ್ಚಳ ಬಿಚ್ಚುವ ಮೊದಲು ಇದನ್ನು ಮಾಡಿ ನೋಡಿ.

ಕೈಯಿಂದ ಕೀಲಿ ಕೊಡುವ ಅನುಕೂಲ ಬಂದರೂ ನಾನು ಅದನ್ನು ದಿನವೂ ಬಳಸುವುದಿಲ್ಲ. ಕ್ರೌನ್ ತಿರುಪಿನಿಂದ ಬಿಗಿಯುವಂಥದ್ದು. ದಿನವೂ ಬಿಚ್ಚಿ ಬಿಗಿದರೆ ತಿರುಪಿನ ಎಳೆಗಳೂ ಒಳಗಿನ ಗ್ಯಾಸ್ಕೆಟ್ಟೂ ಸವೆಯುತ್ತವೆ. ನಿಂತಾಗ ಮಾತ್ರ ಇಪ್ಪತ್ತು ಸುತ್ತು ಕೊಟ್ಟು, ಸೆಕೆಂಡ್ ಮುಳ್ಳನ್ನು ಹನ್ನೆರಡರಲ್ಲಿ ನಿಲ್ಲಿಸಿ ಸಮಯ ಹೊಂದಿಸುತ್ತೇನೆ. ಅಷ್ಟೇ ಸಾಕು, ಈ ಬದಲಾವಣೆಗೆ ಪಟ್ಟ ಶ್ರಮ ಸಾರ್ಥಕ.

ಆರನೆಯ ವರ್ಷ ಡಯಲ್ ಮತ್ತು ಮುಳ್ಳುಗಳ ಸರದಿ. ಚಿತ್ರದಲ್ಲಿ ನೋಡಿದ ಗಾಢ ನೀಲಿ ಡಯಲ್ ನನ್ನನ್ನು ಎಷ್ಟು ಸೆಳೆಯಿತೆಂದರೆ ಮೂಲ ಡಯಲ್ ಏಕೆ ಒಳ್ಳೆಯದೆಂಬುದೇ ಮರೆತುಹೋಯಿತು. ಡಯಲ್ ಹಿಂದೆ ಕಾಲುಗಳಂತೆ ಚಾಚಿರುವ ಎರಡು ಸಣ್ಣ ಕಡ್ಡಿಗಳು ಅದನ್ನು ಯಂತ್ರಕ್ಕೆ ಹಿಡಿದಿಡುತ್ತವೆ. ಹೊಸ ಡಯಲ್‌ಗೆ ಎರಡೂ ಬಗೆಯ ಕ್ರೌನ್ ಜಾಗಕ್ಕೆಂದು ನಾಲ್ಕು ಕಾಲುಗಳಿದ್ದವು, ಬೇಡದ ಎರಡನ್ನು ಕತ್ತರಿಸಬೇಕಿತ್ತು. ನಾನು ಬೇಕಾದ ಒಂದನ್ನೇ ಕತ್ತರಿಸಿದೆ. ಅಂಟು ಚುಕ್ಕಿ ಹಚ್ಚಿ ನಿಲ್ಲಿಸಿದೆ, ಕೆಲವು ತಿಂಗಳ ನಂತರ ಒಂದು ಪೆಟ್ಟಿಗೆ ಅದು ಅರ್ಧ ಮಿಲಿಮೀಟರ್ ಜರುಗಿತು. ಅರ್ಧ ಮಿಲಿಮೀಟರ್ ಓದುವಾಗ ಸಣ್ಣದು, ಬೆಜೆಲ್‌ನ ತ್ರಿಕೋನಕ್ಕೂ ಡಯಲ್‌ನ ತ್ರಿಕೋನಕ್ಕೂ ನಡುವೆ ಕಂಡಾಗ ಸಣ್ಣದಲ್ಲ.

ಮುಳ್ಳು ಕೂರಿಸುವುದು ಈ ಹವ್ಯಾಸದ ಅತಿ ಸೂಕ್ಷ್ಮ ಕೆಲಸ. ಮೊದಲು ಕ್ರೌನ್ ತಿರುಗಿಸುತ್ತ ತಾರೀಖು ಬದಲಾಗುವ ಕ್ಷಣ ಹಿಡಿಯಬೇಕು, ಅಲ್ಲಿ ಗಂಟೆ ಮುಳ್ಳನ್ನು ಹನ್ನೆರಡಕ್ಕೆ ಕೂರಿಸಬೇಕು. ಇಲ್ಲವಾದರೆ ತಾರೀಖು ಹಗಲಿನ ಯಾವುದೋ ಹೊತ್ತಿಗೆ ಹೊರಳುತ್ತದೆ. ಮೂರೂ ಮುಳ್ಳುಗಳು ಒಂದಕ್ಕೊಂದು ಸಮಾನಾಂತರವಾಗಿರಬೇಕು, ನಡುವೆ ಬೆಳಕು ಕಾಣಬೇಕು. ಸೆಕೆಂಡ್ ಮುಳ್ಳನ್ನು ಎರಡು ಸಲ ಬಗ್ಗಿಸಿದೆ, ಮೂರನೆಯದು ಕುಳಿತಿತು. ಇಷ್ಟೆಲ್ಲ ಆದ ಮೇಲೆ ರಾತ್ರಿ ಎಚ್ಚರವಾಗಿ ನೋಡಿದರೆ ಹೊಸ ಡಯಲ್‌ನ ಹೊಳಪು ಆರಿಹೋಗಿರುತ್ತಿತ್ತು. ಮೂಲ ಡಯಲ್‌ನ ಲ್ಯೂಮಿಬ್ರೈಟ್ ಎಂಬ ಕತ್ತಲಲ್ಲಿ ಹೊಳೆಯುವ ಲೇಪ ಬೆಳಗಿನ ಜಾವದವರೆಗೂ ಸಮಯ ತೋರಿಸುತ್ತಿತ್ತು. ದುಂಡು ಚುಕ್ಕಿ, ಹನ್ನೆರಡಕ್ಕೆ ತ್ರಿಕೋನ, ಆರಕ್ಕೂ ಒಂಬತ್ತಕ್ಕೂ ಉದ್ದ ಪಟ್ಟಿ: ಕತ್ತಲೆಯಲ್ಲಿ ಗಡಿಯಾರ ತಲೆಕೆಳಗಾಗಿದ್ದರೂ ತಿಳಿಯುವಂತೆ ಯೋಚಿಸಿ ಮಾಡಿದ ವಿನ್ಯಾಸ. ಹದಿನಾಲ್ಕು ತಿಂಗಳಲ್ಲಿ ನೀಲಿ ಬಣ್ಣ ಕಣ್ಣಿಗೆ ಹಳತಾಯಿತು, ಆ ಕೊರತೆ ಮಾತ್ರ ದಿನವೂ ಹೊಸದಾಗಿ ಕಾಡಿತು. ಮೂಲ ಡಯಲ್ ವಾಪಸು ಹಾಕಿದೆ. ದುಬಾರಿ ಕಂಪನಿಗಳ ಹೆಸರು ಅಚ್ಚು ಮಾಡಿದ ಡಯಲ್‌ಗಳೂ ಸಿಗುತ್ತವೆ. ಅವು ನಕಲಿಗಳು. ಸ್ವಂತ ಕೈಯಿಂದ ಪ್ರಾಮಾಣಿಕವಾಗಿ ಮಾಡಿದ ಕೆಲಸದ ಮೇಲೆ ಸುಳ್ಳು ಹೆಸರು ಹಚ್ಚುವುದು ನನಗೆ ಒಪ್ಪಿಗೆಯಿಲ್ಲ.

ಉಪಕರಣಗಳಲ್ಲಿ ಚಿಮುಟ ಮತ್ತು ಸ್ಕ್ರೂಡ್ರೈವರ್ ಒಳ್ಳೆಯವೇ ಇರಲಿ. ಉಳಿದವು ಸಾಧಾರಣವಾಗಿದ್ದರೂ ನಡೆಯುತ್ತದೆ. ಧೂಳು ಊದಲು ರಬ್ಬರ್ ಬುರುಡೆ ಬಳಸಿ, ಬಾಯಿಂದ ಊದಿದರೆ ಎಂಜಲಿನ ತೇವ ಒಳಸೇರುತ್ತದೆ.

ಎಸ್‌ಕೆಎಕ್ಸ್ ಈಗ ಹಳೆಯ ಮಾಲಾಗಿಯೇ ಸಿಗುತ್ತದೆ. ಅದೇ ಕವಚದ ಆಕಾರದಲ್ಲಿ 2019ರಲ್ಲಿ ಬಂದ ಸೀಕೊ 5 ಸ್ಪೋರ್ಟ್ಸ್ ಗಡಿಯಾರಗಳಲ್ಲಿ 4ಆರ್36 ಯಂತ್ರವಿದೆ. ಕೈಕೀಲಿ, ಸೆಕೆಂಡ್ ನಿಲುಗಡೆ ಎರಡೂ ಅದರಲ್ಲಿ ಮೊದಲಿನಿಂದಲೇ ಇವೆ. ನೀರಿನ ಮಿತಿ ಮಾತ್ರ 100 ಮೀಟರ್, ಕ್ರೌನ್‌ಗೆ ತಿರುಪಿಲ್ಲ. ಈಜದವರಿಗೆ, ಯಂತ್ರ ಬದಲಿಸುವ ಗೋಜು ಬೇಡದವರಿಗೆ ಅದೇ ಸಾಕು, ಗಾಜೊಂದನ್ನು ಬದಲಿಸಿಕೊಳ್ಳಲಿ. ಈಜುವವರು ಎಸ್‌ಕೆಎಕ್ಸ್ ಹುಡುಕಲಿ, ಕೊಂಡ ಕೂಡಲೇ ಗ್ಯಾಸ್ಕೆಟ್‌ಗಳನ್ನು ಬದಲಿಸಲಿ.

ನನ್ನದಕ್ಕೆ ಕಳೆದ ತಿಂಗಳು ಮುಚ್ಚಳದ ಹೊಸ ಉಂಗುರ ಹಾಕಿ ಒತ್ತಡ ಪರೀಕ್ಷೆ ಮಾಡಿಸಿದೆ. ಸೋರಿಕೆಯಿಲ್ಲ. ಹೊರತೆಗೆದ 7ಎಸ್26 ಇನ್ನೂ ನನ್ನ ಬಳಿಯೇ ಇದೆ. ಪೂರ್ತಿ ಬಿಚ್ಚಿ ತೊಳೆದು ಎಣ್ಣೆ ಹಾಕುವುದನ್ನು ಅದರ ಮೇಲೆಯೇ ಕಲಿಯುತ್ತಿದ್ದೇನೆ, ಈವರೆಗೆ ಎರಡು ಸಲ ಮರುಜೋಡಿಸಿದ್ದೇನೆ. ಎರಡನೆಯ ಸಲ ಅದು ನಡೆಯಿತು.