ಬೋರ್ಡೇ ಇಲ್ಲದ ಟಿವಿ ರಿಪೇರಿ ಅಂಗಡಿ, ತುಮಕೂರು: ಐದಕ್ಕೆ ನಾಲ್ಕು

ನಿಮ್ಮ ಮನೆಯಲ್ಲಿ ಇನ್ನೂ ಹಳೇ ಡಬ್ಬಾ ಟಿವಿ ಇದೆಯಾ? ಚಿತ್ರ ಸೊಟ್ಟ ಬರುತ್ತಿದೆಯಾ? ಗುಜರಿಗೆ ಹಾಕುವ ಮುಂಚೆ ಈ ಅಂಗಡಿಯಲ್ಲಿ ಒಮ್ಮೆ ತೋರಿಸಿ. ಬಸ್ ಸ್ಟ್ಯಾಂಡಿನಿಂದ ನಡೆದೇ ಹೋಗಬಹುದು. ಬೋರ್ಡ್ ಇಲ್ಲ, ಷಟರ್ ಅರ್ಧ ಮಾತ್ರ ಎತ್ತಿರುತ್ತದೆ. ಒಳಗೆ ಮಿಕ್ಸಿ, ಆಂಪ್ಲಿಫೈಯರ್‌ಗಳ ರಾಶಿ. ‘ಟಿವಿ ರಿಪೇರಿ ಯಜಮಾನರು’ ಅಂದರೆ ಪಕ್ಕದ ಟೀ ಅಂಗಡಿಯವರು ತೋರಿಸುತ್ತಾರೆ.

ನಮ್ಮದು 21 ಇಂಚಿನ ಪಿಕ್ಚರ್ ಟ್ಯೂಬ್ ಟಿವಿ. ಹಾಲ್‌ನಲ್ಲಿ ಎಲ್‌ಇಡಿ ಇದ್ದರೂ ಇದನ್ನು ಇಟ್ಟುಕೊಂಡಿರುವುದು ನನ್ನ ಹಳೇ ವಿಡಿಯೋ ಗೇಮಿಗೋಸ್ಕರ. ಬಾತುಕೋಳಿ ಹೊಡೆಯುವ ಗನ್ ಬರುತ್ತಿತ್ತಲ್ಲ, ಅದು ಎಲ್‌ಇಡಿಯಲ್ಲಿ ಕೆಲಸವೇ ಮಾಡುವುದಿಲ್ಲ. ಟ್ರಿಗರ್ ಒತ್ತಿದ ಕ್ಷಣ ಪರದೆ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಒಂದು ಬಿಳಿ ಚೌಕ ಮಿಂಚುತ್ತದೆ. ಗನ್ ಆ ಬೆಳಕನ್ನು ಹಿಡಿಯಬೇಕು. ಎಲ್‌ಇಡಿ ಚಿತ್ರ ತೋರಿಸುವುದು ಸ್ವಲ್ಪ ತಡ. ಅಷ್ಟರಲ್ಲಿ ಬಾತುಕೋಳಿ ತಪ್ಪಿಸಿಕೊಂಡಾಗಿರುತ್ತದೆ. ಮಗಳಿಗೆ ಈ ಆಟದ ಹುಚ್ಚು. ನನಗೂ ಕಡಿಮೆ ಏನಿಲ್ಲ.

ತೊಂದರೆ ಹೀಗಿತ್ತು. ಚಿತ್ರದ ಮೇಲ್ಭಾಗ ಪಂಚೆ ಅಂಚಿನ ಹಾಗೆ ಮಡಚಿಕೊಳ್ಳುತ್ತಿತ್ತು. ಅಲ್ಲೇ ಅಡ್ಡಕ್ಕೆ ತೆಳು ಬಿಳಿ ಗೆರೆಗಳು. ಕೆಳಗಡೆ ಎಲ್ಲಾ ಸರಿ. ಜೊತೆಗೆ ಬಲಗಡೆ ಮೂಲೆಯಲ್ಲಿ ಒಂದು ನೇರಳೆ ಕಲೆ. ಮೊದಲು ಫೋನಿನಲ್ಲಿ ಬುಕ್ ಮಾಡಿ ಒಬ್ಬರನ್ನು ಮನೆಗೇ ಕರೆಸಿದ್ದೆ. ಅವರು ಹಿಂದಿನ ಕವರ್ ಬಿಚ್ಚಿ, ಟಾರ್ಚ್ ಹಾಕಿ ನೋಡಿ, ‘ಟ್ಯೂಬ್ ವೀಕ್ ಆಗಿದೆ, ಬೋರ್ಡೂ ಹೋಗಿದೆ, ಚೈನಾ ಬೋರ್ಡ್ ಹಾಕಿಕೊಡ್ತೀನಿ’ ಅಂದರು. 2,200 ರೂಪಾಯಿ. ಮೀಟರ್ ಹೊರಗೇ ತೆಗೆಯಲಿಲ್ಲ! ನೋಡಿದ್ದಕ್ಕೆ ದುಡ್ಡು ಕೊಟ್ಟು ಕಳಿಸಿದೆ.

ಈ ಯಜಮಾನರು ಕವರ್ ಮುಟ್ಟುವ ಮುಂಚೆ ಕೇಳಿದ್ದು ಒಂದೇ ಪ್ರಶ್ನೆ: ‘ಆನ್ ಮಾಡಿದ ತಕ್ಷಣ ಜಾಸ್ತಿ ಇದ್ದು, ಬಿಸಿ ಆದಮೇಲೆ ಕಡಿಮೆ ಆಗುತ್ತಾ?’ ಹೌದು ಅಂದೆ. ‘ಟ್ಯೂಬ್ ಏನೂ ಹೋಗಿಲ್ಲ ಸ್ವಾಮಿ. ಕೆಪಾಸಿಟರ್ ಒಣಗಿದೆ’ ಅಂದರು. ಚಾರ್ಜ್ ಕೂಡಿಟ್ಟು ಬೇಕಾದಾಗ ಕೊಡುವ ಬಿಡಿಭಾಗ ಅದು. ಚಿತ್ರ ಬರೆಯುವ ಕಿರಣ ಪರದೆಯ ತಳ ಮುಟ್ಟಿದ ಮೇಲೆ ಸರಕ್ಕನೆ ಮೇಲಕ್ಕೆ ಹಾರಬೇಕು, ಅದೂ ಸೆಕೆಂಡಿಗೆ 50 ಸಲ. ಕಿರಣವನ್ನು ಮೇಲೆ ಕೆಳಗೆ ಓಡಿಸುವ ಚಿಪ್, ಅಂದರೆ ವರ್ಟಿಕಲ್ ಐಸಿ, ಅದರ ಪಕ್ಕದ ಒಂದು ಪುಟ್ಟ ಕೆಪಾಸಿಟರ್ ಆ ಹಾರಾಟಕ್ಕೆ ಹೆಚ್ಚಿನ ವೋಲ್ಟೇಜ್ ಒದಗಿಸುತ್ತದೆ. ಅದು ಒಣಗಿದರೆ ಕಿರಣ ಮೇಲೆ ತಲುಪುವುದು ತಡ. ಮೇಲಿನ ಗೆರೆಗಳು ಒಂದರ ಮೇಲೊಂದು ಬೀಳುತ್ತವೆ. ಕಿತ್ತ 100 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ನನ್ನ ಕೈಗೇ ಕೊಟ್ಟರು. ಹೊಸದರ ಬೆಲೆ ಒಂದು ಕಾಫಿಗಿಂತ ಕಡಿಮೆ. ಐಸಿ ಕಾಲುಗಳ ಸುತ್ತ ಸೋಲ್ಡರ್ ಬಿರುಕು ಬಿಟ್ಟಿತ್ತು, ಅದನ್ನೂ ಮತ್ತೆ ಬೆಸೆದರು. ಆಮೇಲೆ ಪರದೆ ತುಂಬ ಚೌಕಗಳ ಪ್ಯಾಟರ್ನ್ ಹಾಕಿ, ಮೇಲಿನ ಚೌಕವೂ ಕೆಳಗಿನದೂ ಒಂದೇ ಅಳತೆ ಬರುವವರೆಗೆ ಬಿಡಲಿಲ್ಲ. ನನಗೆ ಇಷ್ಟವಾಗಿದ್ದು ಇದೇ.

ನೇರಳೆ ಕಲೆ ನೋಡಿ, ‘ಪಕ್ಕದಲ್ಲಿ ಸ್ಪೀಕರ್ ಇದೆಯಾ?’ ಅಂದರು. ಇತ್ತು. ಸ್ಪೀಕರಿನ ಅಯಸ್ಕಾಂತ ಟ್ಯೂಬ್ ಒಳಗಿನ ತೂತಿನ ತಗಡಿಗೆ ಹತ್ತಿ ಬಣ್ಣ ಕೆಡುತ್ತದಂತೆ. ಟಿವಿ ಹಾಕಿದಾಗ ‘ಧಂ’ ಅಂತ ಸದ್ದು ಬರುತ್ತಲ್ಲ, ಅದು ಈ ಕಲೆ ತೆಗೆಯುವ ಕಾಯಿಲ್‌ದೇ. ರಿಮೋಟಿನಲ್ಲಿ ಆಫ್ ಮಾಡಿ ಆನ್ ಮಾಡಿದರೆ ಸಾಲದು. ಮೇನ್ ಸ್ವಿಚ್ ಆಫ್ ಮಾಡಿ, ಅರ್ಧ ಗಂಟೆ ತಣ್ಣಗಾಗಲು ಬಿಟ್ಟು ಹಾಕಬೇಕು. ನಮ್ಮ ಕಲೆ ಅದಕ್ಕೂ ಬಗ್ಗದಷ್ಟು ಜಾಸ್ತಿ ಇತ್ತು. ಒಂದು ದೊಡ್ಡ ಬಳೆ ಕಾಯಿಲ್ ತಂದು ಪರದೆ ಮುಂದೆ ಸುತ್ತಿಸುತ್ತಾ ನಿಧಾನವಾಗಿ ಹಿಂದಕ್ಕೆ ಸರಿದರು. ಕಲೆ ಮಾಯ. ಮಗಳು ಬಾಯಿ ಬಿಟ್ಟು ನೋಡುತ್ತಿದ್ದಳು.

ನಾನಿದ್ದಾಗಲೇ ಒಬ್ಬ ಅಜ್ಜಿ ಬಂದು, ‘ಟಿವೀಲಿ ಎಲ್ಲರೂ ಸಣಕಲಾಗಿ ಉದ್ದುದ್ದ ಕಾಣ್ತಾರಪ್ಪ’ ಅಂದರು. ಯಜಮಾನರು ಅವರ ಮೊಮ್ಮಗನ ಹತ್ತಿರ ಸೆಟ್ ಟಾಪ್ ಬಾಕ್ಸಿನ ಮೆನುವಿನಲ್ಲಿ 16:9 ಇರುವುದನ್ನು 4:3 ಮಾಡಲು ಹೇಳಿ ಕಳಿಸಿದರು. ದುಡ್ಡು ತೆಗೆದುಕೊಳ್ಳಲಿಲ್ಲ. ಬೇರೆಯವರಾಗಿದ್ದರೆ ‘ತಂದು ಬಿಟ್ಟು ಹೋಗಿ’ ಅಂತಿದ್ದರು, ಅಲ್ವಾ?

ನನಗೆ ಒಟ್ಟು 400 ರೂಪಾಯಿ ಆಯಿತು. ಒಂದು ಅಂಕ ಕಳೆದಿದ್ದು ಅವರ ‘ನಾಳೆ’ಗೆ. ಆ ನಾಳೆ ಬರುವುದೇ ಇಲ್ಲ. ದೊಡ್ಡ ಪಾರ್ಟ್ ಬೇಕಾದರೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಎಸ್.ಪಿ. ರೋಡಿಗೆ ಹೋದಾಗಲೇ ತರುತ್ತಾರೆ, ಅಲ್ಲಿವರೆಗೆ ಕಾಯಬೇಕು. ಬಿಲ್ ಕೊಡುವುದಿಲ್ಲ, ಗ್ಯಾರಂಟಿ ಬರೀ ಬಾಯಿಮಾತು.

ಹೋಗುವವರಿಗೆ: ಕವರನ್ನು ನೀವೇ ಬಿಚ್ಚಬೇಡಿ. ಟ್ಯೂಬಿಗೆ 20 ಸಾವಿರ ವೋಲ್ಟಿಗಿಂತ ಹೆಚ್ಚು ಹೋಗುತ್ತದೆ, ಪ್ಲಗ್ ಕಿತ್ತ ಮೇಲೂ ಚಾರ್ಜ್ ಉಳಿದಿರುತ್ತದೆ. ಆಟೋದಲ್ಲಿ ಪರದೆ ಸೀಟಿನ ಮೆತ್ತೆಗೆ ಒರಗುವ ಹಾಗೆ ಇಡಿ, ಭಾರವೆಲ್ಲ ಆ ಕಡೆಗೇ ಇರುತ್ತದೆ. ರಿಮೋಟ್ ಮರೆಯಬೇಡಿ, ಸೆಟ್ಟಿಂಗ್ ಮಾಡಲು ಕೇಳುತ್ತಾರೆ. ಫೋನ್ ಮಾಡಿದರೆ ಎತ್ತುವುದಿಲ್ಲ, ನೇರ ಹೋಗಿ. ಮಂಗಳವಾರ ರಜೆ.